ಎದುರಾಳಿಯ ಎರಡನೇ ಆಯ್ಕೆ: ಕಾಲೇಜು ಬಾಸ್ಕೆಟ್‌ಬಾಲ್ ತಂಡದ ದೌರ್ಬಲ್ಯಗಳನ್ನು ಗುರುತಿಸುವ ಬಗೆ

ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಮುನ್ನ ನಮ್ಮ ಕರಾವಳಿಯ ತಂಡಗಳಲ್ಲಿ ನಡೆಯುವ ಎದುರಾಳಿಯ ವಿಶ್ಲೇಷಣೆ ಬಹುಮಟ್ಟಿಗೆ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: "ಆ ಏಳನೇ ನಂಬರಿನವನನ್ನು ಹಿಡಿದಿಟ್ಟರೆ ಸಾಕು, ಉಳಿದವರಿಂದ ಏನೂ ಆಗುವುದಿಲ್ಲ." ಈ ಮಾತು ಸುಳ್ಳಲ್ಲದಿರಬಹುದು, ಆದರೆ ಅಂಗಳಕ್ಕಿಳಿದವನಿಗೆ ಇದರಿಂದ ಸಿಗುವ ಸಹಾಯ ತೀರಾ ಕಡಿಮೆ. ಏಳನೇ ನಂಬರಿನವನು ಚೆಂಡನ್ನು ಯಾವ ಜಾಗದಲ್ಲಿ ಪಡೆಯಲು ಬಯಸುತ್ತಾನೆ, ಅಲ್ಲಿ ಸಿಗದಿದ್ದರೆ ಎತ್ತ ಓಡುತ್ತಾನೆ, ಇಬ್ಬರು ಸುತ್ತುವರಿದಾಗ ಅವನು ಚೆಂಡನ್ನು ಯಾರಿಗೆ ಕೊಡುತ್ತಾನೆ, ಪಡೆದವನು ಅದನ್ನು ಏನು ಮಾಡುತ್ತಾನೆ ಎಂಬಷ್ಟು ತಿಳಿದರೆ ಮಾತ್ರ ಅವನನ್ನು ಹಿಡಿದಿಡುವ ಮಾತಿಗೆ ಅರ್ಥ ಬರುತ್ತದೆ. ತಂಡವೊಂದು ತನ್ನ ಮೊದಲ ಆಯ್ಕೆಯ ಆಟವನ್ನು ಪ್ರತಿದಿನವೂ ಅಭ್ಯಾಸ ಮಾಡುವುದರಿಂದ ಅದರಲ್ಲಿ ಲೋಪ ಹುಡುಕುವುದು ಕಷ್ಟ. ಆ ಆಯ್ಕೆಯನ್ನು ಕಸಿದುಕೊಂಡ ಮೇಲೆ ಅದು ಯಾವುದಕ್ಕೆ ಇಳಿಯುತ್ತದೆ ಎಂಬಲ್ಲಿಯೇ ದೌರ್ಬಲ್ಯ ಬಯಲಾಗುತ್ತದೆ, ಮತ್ತು ಅನುಭವಿ ತರಬೇತುದಾರರು ನೋಡುವುದು ಅದನ್ನೇ.

ಮಂಗಳೂರು, ಉಡುಪಿ ಪರಿಸರದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ತಂಡದ ನಾಯಕತ್ವ ವಹಿಸಿರುವ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ವಿವರಿಸಿದ್ದೇನೆ. ಅಮೆರಿಕದ ದೊಡ್ಡ ಕಾಲೇಜು ತಂಡಗಳಲ್ಲಿ ಎದುರಾಳಿಯ ಪಂದ್ಯಗಳ ವಿಡಿಯೋಗಳನ್ನು ಬಿಡಿಸಿ ನೋಡಿ ವರದಿ ಸಿದ್ಧಪಡಿಸುವ ಹೊಣೆ ಸಹಾಯಕ ತರಬೇತುದಾರರದ್ದು. ನಮ್ಮಲ್ಲಿ ಒಬ್ಬರೇ ನಿರ್ದೇಶಕರು ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್‌ಗಳ ಜೊತೆಯಲ್ಲಿ ಬಾಸ್ಕೆಟ್‌ಬಾಲನ್ನೂ ನೋಡಿಕೊಳ್ಳಬೇಕಾಗುತ್ತದೆ; ಬೆಳಗ್ಗೆ ಗ್ಯಾಲರಿಯಲ್ಲಿ ಕುಳಿತು ನೋಡಿದ ತಂಡವನ್ನು ಅದೇ ಸಂಜೆ ಎದುರಿಸಬೇಕಾದ ಸಂದರ್ಭಗಳೂ ಅಪರೂಪವಲ್ಲ. ಆದ್ದರಿಂದ ಇಲ್ಲಿನ ಕ್ರಮಕ್ಕೆ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನುಗಳು, ಗಮನವಿಟ್ಟು ನೋಡಬಲ್ಲ ಇಬ್ಬರು ಮೀಸಲು ಆಟಗಾರರು ಇದ್ದರೆ ಸಾಕು. ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಲು ಸಂಘಟಕರ ಅನುಮತಿ ದೊರೆತರೆ ಅದು ಹೆಚ್ಚಿನ ಅನುಕೂಲ. ಎಲ್ಲರೆದುರು ನಡೆಯುವ ಪಂದ್ಯವನ್ನು ನೋಡಿ ಬರೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಇನ್ನೊಂದು ಕಾಲೇಜಿನ ಅಭ್ಯಾಸವನ್ನು ಕಾಂಪೌಂಡಿನಾಚೆಯಿಂದ ಕದ್ದು ಚಿತ್ರೀಕರಿಸುವುದು ಮಾತ್ರ ಸಲ್ಲದು.

ಮೊದಲು ಸ್ಕೋರ್ ಶೀಟ್ ಓದಿ

ಎದುರಾಳಿಯು ಈಗಾಗಲೇ ಒಂದು ಪಂದ್ಯ ಆಡಿದ್ದರೆ ಅದರ ಸ್ಕೋರ್ ಶೀಟಿನ ಪ್ರತಿಯನ್ನು ಸಂಘಟಕರಿಂದ ಕೇಳಿ ಪಡೆಯಿರಿ, ಪ್ರತಿ ಸಿಗದಿದ್ದರೆ ಫೋಟೋ ಆದರೂ ತೆಗೆದುಕೊಳ್ಳಿ. ಗೆದ್ದವರು ಯಾರು, ಎಷ್ಟು ಅಂಕಗಳ ಅಂತರ ಎಂದು ನೋಡಿ ಮಡಚಿಡುವ ಈ ಹಾಳೆಯಲ್ಲಿ ಬಹಳಷ್ಟು ಸಂಗತಿಗಳಿರುತ್ತವೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ಮಾದರಿಯ ಹಾಳೆಯಲ್ಲಿ ತಪ್ಪಿದ ಶಾಟ್‌ಗಳ ಮತ್ತು ರಿಬೌಂಡ್‌ಗಳ (ಶಾಟ್ ತಪ್ಪಿ ಮರಳಿದ ಚೆಂಡನ್ನು ಹಿಡಿದದ್ದರ) ದಾಖಲೆ ಇರುವುದಿಲ್ಲ ಎನ್ನುವುದು ನಿಜ. ಆದರೆ ಮೂರು ಅಂಕ ಗಳಿಸಿದ ಆಟಗಾರನ ನಂಬರಿಗೆ ವೃತ್ತ ಎಳೆದಿರುತ್ತಾರೆ, ಯಶಸ್ವಿಯಾದ ಫ್ರೀ ಥ್ರೋಗೆ (ಫೌಲಿಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯಬಾರದ ಶಾಟ್) ತುಂಬಿದ ಚುಕ್ಕಿ ಇಟ್ಟಿರುತ್ತಾರೆ, ಪ್ರತಿ ಫೌಲಿನ ಪಕ್ಕದಲ್ಲಿ ಅದರಿಂದ ದೊರೆತ ಫ್ರೀ ಥ್ರೋಗಳ ಸಂಖ್ಯೆಯನ್ನೂ ಬರೆದಿರುತ್ತಾರೆ. ಹಾಗಾಗಿ ನಿಮ್ಮ ಎದುರಾಳಿಯ ವಿರುದ್ಧ ಆಡಿದ ತಂಡದ ಫೌಲ್‌ಗಳ ಪಕ್ಕದ ಅಂಕಿಗಳನ್ನು ಕೂಡಿಸಿದರೆ ಎದುರಾಳಿಗೆ ಸಿಕ್ಕ ಫ್ರೀ ಥ್ರೋಗಳ ಲೆಕ್ಕವೂ, ಎದುರಾಳಿಯ ಕಡೆಯ ತುಂಬಿದ ಚುಕ್ಕಿಗಳನ್ನು ಎಣಿಸಿದರೆ ಅವುಗಳಲ್ಲಿ ಬುಟ್ಟಿ ಸೇರಿದವುಗಳ ಲೆಕ್ಕವೂ ಸಿಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಪೆನ್ನಿನ ಬಣ್ಣ. ಮೊದಲ ಮತ್ತು ಮೂರನೇ ಕ್ವಾರ್ಟರನ್ನು ಕೆಂಪು ಬಣ್ಣದಲ್ಲಿ, ಎರಡನೇ ಮತ್ತು ನಾಲ್ಕನೆಯದನ್ನು ನೀಲಿ ಅಥವಾ ಕಪ್ಪು ಬಣ್ಣದಲ್ಲಿ ಬರೆಯುವುದು ಕ್ರಮವಾದ್ದರಿಂದ ಯಾವ ಆಟಗಾರನಿಗೆ ಯಾವ ಹಂತದಲ್ಲಿ ಫೌಲ್‌ಗಳು ಬಿದ್ದವು ಎಂಬುದನ್ನು ಪಂದ್ಯ ನೋಡದವರೂ ಊಹಿಸಬಹುದು. ಎದುರಾಳಿಯ ಸೆಂಟರ್ ಆಟಗಾರನ (ಬುಟ್ಟಿಯ ಬಳಿ ಆಡುವ ಎತ್ತರದವನ) ಹೆಸರಿನ ಮುಂದೆ ಆರಂಭದಲ್ಲಿಯೇ ಎರಡು ಕೆಂಪು ಫೌಲ್‌ಗಳಿದ್ದರೆ ತರಬೇತುದಾರ ಅವನನ್ನು ಎರಡನೇ ಕ್ವಾರ್ಟರಿನಲ್ಲಿ ಬಹುತೇಕ ಬೆಂಚಿನಲ್ಲಿ ಕೂರಿಸಿರುತ್ತಾನೆ. ಐದು ಫೌಲ್‌ಗಳಾದರೆ ಆಟಗಾರ ಹೊರಹೋಗಬೇಕೆಂಬ ನಿಯಮ ಎಲ್ಲ ತರಬೇತುದಾರರನ್ನೂ ಅಂಜಿಸುತ್ತದೆ. ಆ ಎರಡನೇ ಕ್ವಾರ್ಟರಿನಲ್ಲಿ ತಂಡ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು ಎಂದು ನೋಡಿ. ಎರಡು ಬೇರೆ ಬೇರೆ ಪಂದ್ಯಗಳ ಹಾಳೆಗಳಲ್ಲಿ ಇದೇ ಚಿತ್ರ ಕಂಡರೆ, ಆ ಸೆಂಟರ್ ಕೈ ಹಾಕಲು ಆತುರಪಡುವವನೆಂದೂ ಅವನಿಲ್ಲದ ತಂಡ ಬೇರೆಯೇ ತಂಡವೆಂದೂ ತಿಳಿಯಬಹುದು. ಟೈಮ್‌ಔಟ್‌ಗಳನ್ನು ಯಾವ ನಿಮಿಷದಲ್ಲಿ ತೆಗೆದುಕೊಂಡರು ಎಂಬುದೂ ಅಲ್ಲಿಯೇ ಇರುತ್ತದೆ. ಸತತವಾಗಿ ಆರೆಂಟು ಅಂಕ ಬಿಟ್ಟುಕೊಟ್ಟ ಮೇಲೂ ಟೈಮ್‌ಔಟ್ ಕೇಳದ ತರಬೇತುದಾರನ ಎದುರು ವೇಗದ ಆಟ ಫಲ ಕೊಡುತ್ತದೆ.

ಗ್ಯಾಲರಿಯಲ್ಲಿ ಕೆಲಸ ಹಂಚಿಕೊಳ್ಳಿ

ಪಂದ್ಯ ನೋಡಲು ಹೋದಾಗ ಮೂವರೂ ಚೆಂಡಿನ ಹಿಂದೆಯೇ ಕಣ್ಣೋಡಿಸಿದರೆ ಮೂವರ ಟಿಪ್ಪಣಿಯೂ ಒಂದೇ ಆಗಿರುತ್ತದೆ. ಒಬ್ಬ ವಿದ್ಯಾರ್ಥಿ ಅರ್ಧ ಅಂಗಳದ ನಕ್ಷೆ ಬರೆದಿಟ್ಟುಕೊಂಡು, ಎದುರಾಳಿಯ ಪ್ರತಿ ಶಾಟ್ ಎಲ್ಲಿಂದ ಹೊರಟಿತೋ ಅಲ್ಲಿ ಆಟಗಾರನ ನಂಬರನ್ನು ಬರೆಯಲಿ. ಬುಟ್ಟಿ ಸೇರಿದರೆ ಅದಕ್ಕೆ ವೃತ್ತ ಹಾಕಲಿ. ಇನ್ನೊಬ್ಬ ಚೆಂಡು ಕಳೆದುಕೊಂಡ ಸಂದರ್ಭಗಳನ್ನೂ ರಿಬೌಂಡ್‌ಗಳನ್ನೂ ಬರೆದುಕೊಳ್ಳಲಿ. ಚೆಂಡು ಕಳೆದದ್ದನ್ನು ಕೇವಲ ಗೀಟು ಹಾಕಿ ಎಣಿಸಿದರೆ ಪ್ರಯೋಜನವಿಲ್ಲ. ಪಾಸನ್ನು ನಡುವೆ ಕಸಿದುಕೊಂಡದ್ದೇ, ಡ್ರಿಬಲ್ ಮಾಡುವಾಗ ಜಾರಿದ್ದೇ, ಟ್ರಾವೆಲಿಂಗ್ (ಡ್ರಿಬಲ್ ಮಾಡದೆ ಚೆಂಡು ಹಿಡಿದು ಹೆಜ್ಜೆ ಹಾಕುವುದು) ಆದದ್ದೇ, 8 ಸೆಕೆಂಡಿನೊಳಗೆ ಅರ್ಧಗೆರೆ ದಾಟಲಾಗದ್ದೇ ಎಂಬ ಕಾರಣವನ್ನು ಒಂದಕ್ಷರದಲ್ಲಾದರೂ ಗುರುತಿಸಬೇಕು. ನಡುವೆ ಕಸಿದ ಚೆಂಡು ಹೆಚ್ಚಾಗಿ ಸುಲಭದ ಲೇಅಪ್‌ನಲ್ಲಿ (ಬುಟ್ಟಿಯ ಹತ್ತಿರಕ್ಕೆ ಓಡಿ ಹಾಕುವ ಶಾಟ್) ಕೊನೆಗೊಳ್ಳುತ್ತದೆ, ಟ್ರಾವೆಲಿಂಗ್ ಆದಾಗ ಆಟ ನಿಂತು ಎಲ್ಲರಿಗೂ ತಮ್ಮ ಜಾಗಕ್ಕೆ ಮರಳಲು ಸಮಯ ಸಿಗುತ್ತದೆ. ಎರಡೂ ಒಂದೇ ಲೆಕ್ಕವಲ್ಲ.

ತರಬೇತುದಾರರು ಸ್ವತಃ ಚೆಂಡಿಲ್ಲದವರನ್ನು ನೋಡಬೇಕು. ಹೇಳಲು ಸುಲಭ, ಮಾಡಲು ಕಷ್ಟ. ಕಣ್ಣು ತಾನಾಗಿಯೇ ಚೆಂಡಿನತ್ತ ಹೊರಳುತ್ತದೆ. ಪ್ರತಿ ಕ್ವಾರ್ಟರಿನ ಮೊದಲ ಐದು ನಿಮಿಷ ಆಕ್ರಮಣವನ್ನೂ ಉಳಿದ ಐದು ನಿಮಿಷ ರಕ್ಷಣೆಯನ್ನೂ ನೋಡುವುದೆಂದು ಮೊದಲೇ ನಿಶ್ಚಯಿಸಿಕೊಂಡರೆ ಗಮನ ಚದುರುವುದು ಕಡಿಮೆಯಾಗುತ್ತದೆ. ಸೈಡ್‌ಲೈನಿನ ಪಕ್ಕಕ್ಕಿಂತ ಬುಟ್ಟಿಯ ಹಿಂಭಾಗದ ಎತ್ತರದ ಜಾಗದಿಂದ ರಕ್ಷಣೆಯ ಆಕಾರ ಚೆನ್ನಾಗಿ ಕಾಣುತ್ತದೆ. ವಾರ್ಮ್‌ಅಪ್ ನೋಡುವುದನ್ನು ಮಾತ್ರ ತಪ್ಪಿಸಬೇಡಿ: ಯಾರು ಎಡಗೈಯಿಂದ ಲೇಅಪ್ ಹಾಕದೆ ಸುತ್ತಿಬಳಸಿ ಬಲಕ್ಕೆ ಬರುತ್ತಾರೆ, ಯಾರು ಮೂರಂಕದ ಗೆರೆಯ ಬಳಿಗೇ ಹೋಗುವುದಿಲ್ಲ ಎಂಬುದು ಅಲ್ಲಿಯೇ ತಿಳಿದುಬಿಡುತ್ತದೆ.

ಆಕ್ರಮಣದಲ್ಲಿ ಏನನ್ನು ಹುಡುಕಬೇಕು

ಚೆಂಡು ಒಂದು ತಂಡದ ಹಿಡಿತಕ್ಕೆ ಬಂದಲ್ಲಿಂದ ಅದನ್ನು ಬಿಟ್ಟುಕೊಡುವವರೆಗಿನ ಅವಧಿಯನ್ನು ಇಲ್ಲಿ ಸರದಿ ಎಂದು ಕರೆಯೋಣ. ಒಂದು ಸರದಿಗೆ 24 ಸೆಕೆಂಡುಗಳ ಮಿತಿ. ಎದುರಾಳಿಯ ಶಾಟ್‌ಗಳು ಆ ಮಿತಿಯ ಯಾವ ಭಾಗದಲ್ಲಿ ಬರುತ್ತವೆ ಎಂಬುದು ಮೊದಲ ಪ್ರಶ್ನೆ. ಮೊದಲ ಎಂಟು ಸೆಕೆಂಡುಗಳಲ್ಲಿ ಫಾಸ್ಟ್ ಬ್ರೇಕಿನಿಂದಲೇ ಅಂಕ ಗಳಿಸುವ ತಂಡವನ್ನು ಓಡಲು ಬಿಡದೆ ನಿಂತು ಆಡುವಂತೆ ಮಾಡಿದರೆ, ಹದಿನೈದನೇ ಸೆಕೆಂಡಿನ ಹೊತ್ತಿಗೆ ಐವರಲ್ಲಿ ನಾಲ್ವರು ಕದಲದೆ ನಿಂತು ಒಬ್ಬನನ್ನೇ ನೋಡುತ್ತಿರುವ ದೃಶ್ಯ ಕಾಣಸಿಗುತ್ತದೆ. ಶಾಟ್ ಗಡಿಯಾರವಿಲ್ಲದ ಅಂಗಳಗಳಲ್ಲಿ ನೀವೇ ಮನಸ್ಸಿನಲ್ಲಿ ಎಣಿಸಬೇಕಾಗುತ್ತದೆ, ನಿಖರವಾಗಿರದಿದ್ದರೂ ಅಡ್ಡಿಯಿಲ್ಲ.

ಎರಡನೆಯದು ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಮುಂದಕ್ಕೆ ತಂದು ಆಟ ನಡೆಸುವವನ ಮೇಲಿನ ಅವಲಂಬನೆ. ಕಾಲೇಜು ಮಟ್ಟದಲ್ಲಿ ಒತ್ತಡದ ನಡುವೆ ಚೆಂಡನ್ನು ನಿರಾಯಾಸವಾಗಿ ಮುಂದಕ್ಕೆ ತರಬಲ್ಲವರು ಒಂದು ತಂಡದಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಬುಟ್ಟಿ ಬಿದ್ದ ಮೇಲೆ ಬೇಸ್‌ಲೈನಿನಿಂದ ಚೆಂಡನ್ನು ಒಳಗೆ ಕೊಡುವವರು ಯಾರು, ಪಡೆಯುವವರು ಯಾರು, ಪಡೆಯಬೇಕಾದವರಿಗೆ ದಾರಿ ಕಟ್ಟಿದರೆ ಬದಲಿ ಯಾರು ಎಂದು ಬರೆದುಕೊಳ್ಳಿ. ಬದಲಿಯಾಗಿ ಬರುವವನು ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತ ಡ್ರಿಬಲ್ ಮಾಡುವವನಾದರೆ ನಿಮಗೆ ಫುಲ್ ಕೋರ್ಟ್ ಪ್ರೆಸ್ (ಅಂಗಳದುದ್ದಕ್ಕೂ ಎದುರಾಳಿಯನ್ನು ಒತ್ತುವ ರಕ್ಷಣೆ) ಮಾಡಲು ಆಹ್ವಾನ ಸಿಕ್ಕಿತೆಂದೇ ತಿಳಿಯಿರಿ. ಆದರೆ ಪ್ರೆಸ್ ಮಾಡುವವರನ್ನು ಉದ್ದದ ಪಾಸಿನಿಂದ ಒಮ್ಮೆಗೇ ದಾಟಿಬಿಡುವ ಎತ್ತರದ ಫಾರ್ವರ್ಡ್ ಒಬ್ಬ ನಡು ಅಂಗಳದಲ್ಲಿ ನಿಂತಿರುತ್ತಾನೆಯೇ ಎಂಬುದನ್ನೂ ನೋಡದೆ ಆ ನಿರ್ಧಾರಕ್ಕೆ ಬರಬಾರದು.

ಉಳಿದ ಪ್ರತಿ ಆಟಗಾರನ ಬಗೆಗೆ ಒಂದೆರಡು ಸಾಲು ಸಾಕು: ಯಾವ ಕೈಯ ಕಡೆಗೆ ನುಗ್ಗುತ್ತಾನೆ, ನಿಂತಲ್ಲಿಂದ ಶಾಟ್ ಹೊಡೆಯುತ್ತಾನೆಯೇ ಡ್ರಿಬಲ್ ಮಾಡಿ ಹೊಡೆಯುತ್ತಾನೆಯೇ, 6.75 ಮೀಟರಿನ ಮೂರಂಕದ ಗೆರೆಯಾಚೆ ಅವನನ್ನು ಬಿಟ್ಟುಬಿಡಬಹುದೇ. ಈ ಕೊನೆಯ ಪ್ರಶ್ನೆಗೆ ಬಹಳ ತೂಕವಿದೆ, ಏಕೆಂದರೆ ಹೊರಗಿನಿಂದ ಹೊಡೆಯಲಾರದ ಇಬ್ಬರು ಒಟ್ಟಿಗೆ ಅಂಗಳದಲ್ಲಿದ್ದರೆ ಅವರನ್ನು ಕಾಯುವವರು ಹಿಂದೆ ಸರಿದು ಬುಟ್ಟಿಯ ಬಳಿ ಗುಂಪುಗೂಡಬಹುದು, ಆಗ ಅವರ ಅತ್ಯುತ್ತಮ ಸೆಂಟರ್‌ಗೂ ತಿರುಗಲು ಜಾಗವಿರುವುದಿಲ್ಲ.

ರಕ್ಷಣೆಯಲ್ಲಿ ಏನನ್ನು ಹುಡುಕಬೇಕು

ಜೋನ್ (ಪ್ರತಿಯೊಬ್ಬ ಒಂದು ಜಾಗವನ್ನು ಕಾಯುವುದು) ಆಡುತ್ತಾರೆಯೇ ಮ್ಯಾನ್ ಟು ಮ್ಯಾನ್ (ಪ್ರತಿಯೊಬ್ಬ ಒಬ್ಬ ಆಟಗಾರನನ್ನು ಕಾಯುವುದು) ಆಡುತ್ತಾರೆಯೇ ಎಂದು ಬರೆದುಕೊಂಡು ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ. 2-3 ಜೋನ್ ಆದರೆ ಫ್ರೀ ಥ್ರೋ ಗೆರೆಯ ಸುತ್ತಲಿನ ಜಾಗ ಮತ್ತು ಎರಡು ಮೂಲೆಗಳು ಸಹಜವಾಗಿಯೇ ತೆರೆದಿರುತ್ತವೆ. ಚೆಂಡು ಆ ನಡುವಿನ ಜಾಗಕ್ಕೆ ಬಂದಾಗ ಮುಂದಿನ ಇಬ್ಬರಲ್ಲಿ ಒಬ್ಬ ಹಿಂದಿರುಗುತ್ತಾನೆಯೇ ಅಥವಾ ಹಿಂದಿನ ಮೂವರಲ್ಲಿ ನಡುವಿನವನು ಮೇಲೆ ಬರುತ್ತಾನೆಯೇ ಎಂಬುದೇ ನಿಮಗೆ ಬೇಕಾದ ಮಾಹಿತಿ. ನಡುವಿನವನು ಮೇಲೆ ಬಂದರೆ ಬುಟ್ಟಿಯ ಕೆಳಗೆ ಯಾರೂ ಇರುವುದಿಲ್ಲ. ಜೋನ್‌ಗೆ ಇನ್ನೊಂದು ಸಹಜ ತೊಡಕಿದೆ: ಯಾರು ಯಾರನ್ನು ಬಾಕ್ಸ್ ಔಟ್ (ರಿಬೌಂಡಿಗೆ ಬಾರದಂತೆ ಮೈಯಿಂದ ತಡೆಯುವುದು) ಮಾಡಬೇಕೆಂಬುದು ಅಲ್ಲಿ ನಿಶ್ಚಿತವಿರುವುದಿಲ್ಲ, ಹಾಗಾಗಿ ಶಾಟ್ ತಪ್ಪಿದಾಗ ಒಳನುಗ್ಗುವವನಿಗೆ ಅವಕಾಶ ಹೆಚ್ಚು.

ಮ್ಯಾನ್ ಟು ಮ್ಯಾನ್ ಆಡುವ ತಂಡದಲ್ಲಿ ಸ್ಕ್ರೀನ್ (ಜೊತೆಗಾರನಿಗಾಗಿ ರಕ್ಷಕನ ದಾರಿಗೆ ಅಡ್ಡ ನಿಲ್ಲುವುದು) ಬಂದಾಗ ಏನಾಗುತ್ತದೆ ನೋಡಿ. ಇಬ್ಬರೂ ತಮ್ಮ ಆಟಗಾರರನ್ನು ಅದಲುಬದಲು ಮಾಡಿಕೊಂಡರೆ ಕುಳ್ಳ ಗಾರ್ಡ್ ನಿಮ್ಮ ಎತ್ತರದ ಆಟಗಾರನ ಎದುರು ಸಿಕ್ಕಿಬೀಳುತ್ತಾನೆ. ಸೆಂಟರ್ ಹಿಂದೆಯೇ ಉಳಿದುಬಿಟ್ಟರೆ ಸ್ಕ್ರೀನಿನ ಹಿಂದೆ ನಿಂತು ಆರಾಮವಾಗಿ ಜಂಪ್ ಶಾಟ್ ಹೊಡೆಯಬಹುದು. ಇಬ್ಬರೂ ಚೆಂಡಿನ ಮೇಲೆ ಬಿದ್ದರೆ ಸ್ಕ್ರೀನ್ ಹಾಕಿದವನು ಬುಟ್ಟಿಯತ್ತ ಹೊರಳಿದಾಗ ಒಂಟಿಯಾಗಿ ಸಿಗುತ್ತಾನೆ. ಈ ಮೂರರಲ್ಲಿ ಯಾವುದನ್ನು ಮಾಡುತ್ತಾರೆ ಎನ್ನುವುದರ ಜೊತೆಗೆ, ಪ್ರತಿ ಸಲವೂ ಒಂದೇ ಬಗೆಯಲ್ಲಿ ಮಾಡುತ್ತಾರೆಯೇ ಎಂದೂ ಗಮನಿಸಿ. ಒಮ್ಮೆ ಹೀಗೆ ಒಮ್ಮೆ ಹಾಗೆ ಮಾಡುವ ತಂಡದಲ್ಲಿ ಆಟಗಾರರು ಪರಸ್ಪರ ಮಾತನಾಡುತ್ತಿಲ್ಲವೆಂದೇ ಅರ್ಥ. ರಕ್ಷಣೆಯಲ್ಲಿ ಮೌನವಾಗಿರುವ ತಂಡ ಮೂರನೇ ಪಾಸಿಗೆ ಒಡೆದುಹೋಗುತ್ತದೆ. ನಮ್ಮ ಕಡೆ ತುಳುವಿನಲ್ಲಿ ಕೂಗಿ ಎಚ್ಚರಿಸಿಕೊಳ್ಳುವ ತಂಡಗಳಿಗೆ ಹೊರಗಿನಿಂದ ಬಂದವರ ಎದುರು ಅದು ಗುಟ್ಟಿನ ಭಾಷೆಯಾದರೂ, ಸುರತ್ಕಲ್‌ನಿಂದ ಉಡುಪಿಯವರೆಗಿನ ಎದುರಾಳಿಗಳ ಮುಂದೆ ಆ ಗುಟ್ಟು ಉಳಿಯುವುದಿಲ್ಲ. ಅವರು ಯಾವ ಕೂಗಿಗೆ ಏನು ಮಾಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ.

ಶಾಟ್ ಹೊಡೆದ ಕ್ಷಣದಲ್ಲಿ ಎಷ್ಟು ಜನ ಹಿಂದಕ್ಕೆ ಓಡುತ್ತಾರೆ ಎಂದು ಎಣಿಸುವುದನ್ನು ಮರೆಯಬಾರದು. ಮೂವರು ರಿಬೌಂಡಿಗೆ ನುಗ್ಗಿ, ನಾಲ್ಕನೆಯವನು ಶಾಟ್ ಹೊಡೆದ ಜಾಗದಲ್ಲಿಯೇ ನಿಂತು ನೋಡುತ್ತಿದ್ದರೆ ಹಿಂದೆ ಉಳಿಯುವವನು ಒಬ್ಬನೇ.

ಅಂಕಿಗಳಿಂದ ಅಭಿಪ್ರಾಯವನ್ನು ತಿದ್ದಿಕೊಳ್ಳಿ

ಕಣ್ಣು ಕಂಡದ್ದನ್ನು ಲೆಕ್ಕ ಹಾಕಿ ನೋಡಿದಾಗ ಕೆಲವು ಅಭಿಪ್ರಾಯಗಳು ಬಿದ್ದುಹೋಗುತ್ತವೆ. ಅಮೆರಿಕದ ಅಂಕಿಅಂಶ ತಜ್ಞ ಡೀನ್ ಆಲಿವರ್ ಬಾಸ್ಕೆಟ್‌ಬಾಲ್ ಗೆಲುವಿನ ಹಿಂದೆ ನಾಲ್ಕು ಅಂಶಗಳನ್ನು ಗುರುತಿಸಿ ಅವುಗಳಿಗೆ ಸರಿಸುಮಾರು ತೂಕಗಳನ್ನೂ ಕೊಟ್ಟಿದ್ದಾರೆ: ಶಾಟ್‌ಗಳ ಸಾಫಲ್ಯಕ್ಕೆ ಶೇ. 40, ಚೆಂಡು ಕಳೆದುಕೊಳ್ಳದಿರುವುದಕ್ಕೆ ಶೇ. 25, ರಿಬೌಂಡಿಗೆ ಶೇ. 20, ಫ್ರೀ ಥ್ರೋಗಳಿಗೆ ಶೇ. 15. ಈ ತೂಕಗಳು ಅಲ್ಲಿನ ವೃತ್ತಿಪರ ಆಟವನ್ನು ನೋಡಿ ಹೇಳಿದವು. ನಮ್ಮ ಕಾಲೇಜು ಪಂದ್ಯಗಳಲ್ಲಿ ಚೆಂಡು ಕಳೆದುಕೊಳ್ಳುವುದಕ್ಕೆ ಇನ್ನೂ ಹೆಚ್ಚಿನ ತೂಕ ಕೊಡಬೇಕೆಂದು ನನಗನ್ನಿಸುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಎದುರಾಳಿ ತಂಡ 60 ಶಾಟ್ ಹೊಡೆದು 20 ಬುಟ್ಟಿ ಹಾಕಿತು, ಅವುಗಳಲ್ಲಿ 4 ಮೂರಂಕದವು. 18 ಫ್ರೀ ಥ್ರೋಗಳಲ್ಲಿ 9 ಸಫಲ. ಆಕ್ರಮಣದ ರಿಬೌಂಡ್ 12. ಕಳೆದುಕೊಂಡ ಚೆಂಡು 20. ಒಟ್ಟು ಅಂಕ 53. ಸರದಿಗಳನ್ನು ಅಂದಾಜಿಸಲು ಶಾಟ್‌ಗಳಿಂದ ಆಕ್ರಮಣದ ರಿಬೌಂಡ್‌ಗಳನ್ನು ಕಳೆದು, ಕಳೆದುಕೊಂಡ ಚೆಂಡುಗಳನ್ನು ಕೂಡಿಸಿ, ಫ್ರೀ ಥ್ರೋಗಳ 0.44 ಪಟ್ಟನ್ನು ಸೇರಿಸುವುದು ರೂಢಿ. ಇಲ್ಲಿ ಅದು ಸುಮಾರು 76 ಬರುತ್ತದೆ. ಅಂದರೆ ತಂಡ ಒಂದು ಸರದಿಗೆ ಗಳಿಸಿದ್ದು 0.70 ಅಂಕ; ನಾಲ್ಕು ಸರದಿಗಳಲ್ಲಿ ಒಂದಕ್ಕಿಂತ ಹೆಚ್ಚು ಸರದಿ ಶಾಟ್ ಕೂಡ ಇಲ್ಲದೆ ವ್ಯರ್ಥವಾಯಿತು. 53 ಅಂಕ ಎಂಬ ಸಂಖ್ಯೆಯೊಂದನ್ನೇ ನೋಡಿದ್ದರೆ ಈ ವಿಷಯ ಹೊಳೆಯುತ್ತಿರಲಿಲ್ಲ.

ಇದೇ ಲೆಕ್ಕ ಇನ್ನೊಂದು ನಂಬಿಕೆಯನ್ನೂ ಅಲುಗಾಡಿಸುತ್ತದೆ. ಎದುರಾಳಿಯಲ್ಲಿ ಫ್ರೀ ಥ್ರೋ ಬಾರದವನೊಬ್ಬನಿದ್ದರೆ ಅವನಿಗೆ ಬೇಕೆಂದೇ ಫೌಲ್ ಮಾಡುವುದು ಜಾಣತನವೆಂದು ಅನೇಕರು ತಿಳಿದಿದ್ದಾರೆ. ಶೇ. 50ರಷ್ಟು ಫ್ರೀ ಥ್ರೋ ಹಾಕುವವನಿಗೆ ಎರಡು ಅವಕಾಶ ಕೊಟ್ಟರೆ ಅವನಿಂದ ನಿರೀಕ್ಷಿಸಬಹುದಾದದ್ದು 1 ಅಂಕ, ಆ ತಂಡ ತನ್ನಷ್ಟಕ್ಕೆ ಆಡಿದ್ದರೆ ಗಳಿಸುತ್ತಿದ್ದುದು 0.70. ಹಾಗೆ ಫೌಲ್ ಮಾಡುವುದರಿಂದ ಎದುರಾಳಿಗೇ ಲಾಭ, ಜೊತೆಗೆ ನಮ್ಮ ಫೌಲ್‌ಗಳೂ ಏರುತ್ತವೆ. ಒಂದು ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲಿನಿಂದ ಸಣ್ಣ ತಪ್ಪಿಗೂ ಎರಡು ಫ್ರೀ ಥ್ರೋ ಕೊಡಬೇಕಾಗುತ್ತದೆ. ಬುಟ್ಟಿಯ ಕೆಳಗೆ ಅವನು ಒಂಟಿಯಾಗಿ ಲೇಅಪ್‌ಗೆ ಸಿದ್ಧನಾದಾಗ ಮಾತ್ರ ಈ ಲೆಕ್ಕ ಬದಲಾಗುತ್ತದೆ, ಅಲ್ಲಿಯೂ ಚೆಂಡನ್ನು ಆಡುವ ಪ್ರಯತ್ನವಿಲ್ಲದ ಫೌಲನ್ನು ರೆಫರಿ ಕ್ರೀಡಾ ಮನೋಭಾವಕ್ಕೆ ವಿರುದ್ಧವೆಂದು ಪರಿಗಣಿಸಿದರೆ ಫ್ರೀ ಥ್ರೋಗಳ ಜೊತೆಗೆ ಚೆಂಡೂ ಅವರದಾಗುತ್ತದೆ. ಶಾಟ್‌ಗಳಿಗೂ ಇದೇ ತರ್ಕ: ಶೇ. 40ರಷ್ಟು ಸಫಲವಾಗುವ ಎರಡಂಕದ ಶಾಟ್ ಸರಾಸರಿ 0.8 ಅಂಕ ತಂದರೆ ಶೇ. 30ರಷ್ಟು ಸಫಲವಾಗುವ ಮೂರಂಕದ ಶಾಟ್ 0.9 ತರುತ್ತದೆ. ಆದ್ದರಿಂದ "ಅವಳು ಹತ್ತರಲ್ಲಿ ಏಳು ತಪ್ಪಿಸುತ್ತಾಳೆ, ಬಿಟ್ಟುಬಿಡಿ" ಎನ್ನುವ ಮೊದಲು ಅವಳು ಎಲ್ಲಿಂದ ತಪ್ಪಿಸುತ್ತಾಳೆ ಎಂದು ನಕ್ಷೆ ನೋಡಿ.

ಒಂದು ಪಂದ್ಯದ ಅಂಕಿಗಳಿಗೆ ಹೆಚ್ಚು ಬೆಲೆ ಕೊಡಬೇಡಿ ಎಂಬ ಎಚ್ಚರಿಕೆಯೂ ಅಗತ್ಯ. ಹತ್ತು ಶಾಟ್‌ಗಳಲ್ಲಿ ಐದು ಬಿದ್ದವೆಂಬುದು ಆ ದಿನದ ಮಾತು. ಶಾಟ್ ಯಾವ ಜಾಗದಿಂದ ಬಂತು, ಯಾವ ಕ್ರಮದಲ್ಲಿ ಬಂತು ಎಂಬುದು ಅಭ್ಯಾಸದ ಮಾತು, ಮುಂದಿನ ಪಂದ್ಯದಲ್ಲಿಯೂ ಅದು ಹಾಗೆಯೇ ಇರುವ ಸಾಧ್ಯತೆ ಹೆಚ್ಚು.

ಅಂಗಳ, ಸೆಕೆ ಮತ್ತು ಬೆಂಚು

ಎದುರಾಳಿ ತಂಡ ದಿನನಿತ್ಯ ಅಭ್ಯಾಸ ಮಾಡುವ ಅಂಗಳ ಯಾವುದೆಂದು ತಿಳಿದುಕೊಳ್ಳುವುದು ಕರಾವಳಿಯಲ್ಲಿ ವಿಶೇಷವಾಗಿ ಮುಖ್ಯ. ಮಣಿಪಾಲದ ಮರೇನಾದಂತಹ ಒಳಾಂಗಣದಲ್ಲಿ ಆಡಿ ರೂಢಿಯಾದವರನ್ನು ಬಯಲಿನ ಸಿಮೆಂಟ್ ಅಂಗಳಕ್ಕೆ ತಂದರೆ ಗಾಳಿ, ಬಿಸಿಲು, ಕಣ್ಣಿಗೆ ಹೊಡೆಯುವ ಸಂಜೆಯ ಬೆಳಕು ಇವೆಲ್ಲವೂ ಅವರ ದೂರದ ಶಾಟ್‌ಗಳ ಮೇಲೆ ಪರಿಣಾಮ ಬೀರುತ್ತವೆ; ಸಿಮೆಂಟಿನಲ್ಲಿ ಬೆಳೆದವರು ಮರದ ನೆಲದ ಮೇಲೆ ಚೆಂಡಿನ ಪುಟಿತಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ನಮ್ಮ ಜಿಲ್ಲೆಗಳಲ್ಲಿ ಸೂರಿಲ್ಲದ ಅಂಗಳವಷ್ಟೇ ಇರುವ ಕಾಲೇಜುಗಳ ಅಭ್ಯಾಸ ಈ ತಿಂಗಳುಗಳಲ್ಲಿ ಕುಂಠಿತವಾಗುತ್ತದೆ. ಮಳೆಗಾಲ ಮುಗಿದ ಕೂಡಲೇ ನಡೆಯುವ ಪಂದ್ಯಗಳಲ್ಲಿ ಅಂತಹ ತಂಡದ ದಮ್ಮು ಮೂರನೇ ಕ್ವಾರ್ಟರಿಗೇ ಕಡಿಮೆಯಾಗುವುದನ್ನು ನಿರೀಕ್ಷಿಸಬಹುದು.

ಸೆಕೆಯ ಪ್ರಶ್ನೆ ನೇರವಾಗಿ ಬೆಂಚಿಗೆ ಸಂಬಂಧಿಸಿದ್ದು. ಬೆವರಿದ ಕೈಯಿಂದ ಚೆಂಡು ಜಾರುವ ವಾತಾವರಣದಲ್ಲಿ ಹನ್ನೆರಡು ಮಂದಿಯ ಪಟ್ಟಿಯಿದ್ದರೂ ಆರೇಳು ಮಂದಿಯನ್ನಷ್ಟೇ ಆಡಿಸುವ ತಂಡ ದಣಿಯಲೇಬೇಕು. ದಣಿವಿನ ಮೊದಲ ಗುರುತು ಕಾಲಿನಲ್ಲಿ ಕಾಣುತ್ತದೆ: ಶಾಟ್‌ಗಳು ರಿಂಗಿನ ಮುಂಭಾಗಕ್ಕೆ ಬಡಿದು ಬೀಳತೊಡಗುತ್ತವೆ, ರಕ್ಷಣೆಯವರು ನೇರ ನಿಂತು ಕೈ ಮಾತ್ರ ಚಾಚುತ್ತಾರೆ, ಫೌಲ್‌ಗಳು ಹೆಚ್ಚುತ್ತವೆ. ಇದು ಯಾವ ನಿಮಿಷದಲ್ಲಿ ಆರಂಭವಾಯಿತೆಂದು ಬರೆದುಕೊಳ್ಳಿ.

ಕಂಡದ್ದನ್ನೆಲ್ಲ ಹೇಳಬೇಡಿ

ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಅಂಶಗಳಿದ್ದರೂ ಆಟಗಾರರಿಗೆ ತಲುಪಬೇಕಾದದ್ದು ಮೂರು ಮಾತ್ರ. ಆಯ್ಕೆಗೆ ನಾನು ಬಳಸುವ ಒರೆಗಲ್ಲು ಸರಳವಾದದ್ದು: ಈ ದೌರ್ಬಲ್ಯವನ್ನು ಬಳಸಿಕೊಳ್ಳುವ ಶಕ್ತಿ ನಮ್ಮ ತಂಡಕ್ಕೆ ಇದೆಯೇ? ಎದುರಾಳಿಯ ಜೋನ್‌ನ ಮೂಲೆಗಳು ಎಷ್ಟೇ ತೆರೆದಿರಲಿ, ಮೂಲೆಯಿಂದ ಶಾಟ್ ಹಾಕಬಲ್ಲವರು ನಮ್ಮಲ್ಲಿಲ್ಲದಿದ್ದರೆ ಆ ಮಾಹಿತಿಯಿಂದ ಆಟಗಾರರ ತಲೆ ತುಂಬುತ್ತದೆಯೇ ಹೊರತು ಅಂಕ ಬರುವುದಿಲ್ಲ. ಉಳಿದ ಮೂರನ್ನು ಕ್ರಿಯೆಯ ಮಾತಿನಲ್ಲಿ ಹೇಳಿ. "ಅವರ ಗಾರ್ಡ್ ಎಡಗೈ ದುರ್ಬಲ" ಎನ್ನುವ ಬದಲು "ಒಂಬತ್ತನೇ ನಂಬರಿನವನ ಬಲಗೈಯ ಎದುರು ನಿಂತು ಅವನನ್ನು ಸೈಡ್‌ಲೈನಿನತ್ತ ಎಡಕ್ಕೆ ತಳ್ಳು" ಎನ್ನಿ. ಸಮಯವಿದ್ದರೆ ಮೀಸಲು ಆಟಗಾರರಿಗೆ ಎದುರಾಳಿಯ ಪಾತ್ರ ಕೊಟ್ಟು ಹತ್ತು ನಿಮಿಷ ನಡೆದಾಡಿ ತೋರಿಸಿ. ಬಾಯಿಮಾತಿಗಿಂತ ಅದು ಹೆಚ್ಚು ನೆನಪಿರುತ್ತದೆ. ಯಾರದಾದರೂ ಗಾಯದ ಕಾಲು ಕಣ್ಣಿಗೆ ಬಿದ್ದಿದ್ದರೆ ಅದು ಈ ಪಟ್ಟಿಗೆ ಸೇರಕೂಡದು, ಎದುರಿರುವವರೂ ವಿದ್ಯಾರ್ಥಿಗಳೇ.

ಪಂದ್ಯದ ಮೊದಲ ಕ್ವಾರ್ಟರ್ ನಿಮ್ಮ ಊಹೆಗಳ ಪರೀಕ್ಷೆ. ಎರಡನೇ ಅಥವಾ ಮೂರನೇ ಸರದಿಯಲ್ಲಿಯೇ ಒಮ್ಮೆ ಪ್ರೆಸ್ ಮಾಡಿ ನೋಡಿ, ಒಮ್ಮೆ ಸ್ಕ್ರೀನ್ ಹಾಕಿ ನೋಡಿ. ಬೆಂಚಿನಲ್ಲಿರುವ ಒಬ್ಬ ಆಟಗಾರ ಫಲಿತಾಂಶವನ್ನು ಗುರುತು ಹಾಕಲಿ. ಎದುರಾಳಿಯೂ ತನ್ನ ಹಿಂದಿನ ಪಂದ್ಯದಿಂದ ಕಲಿತು ಬಂದಿರಬಹುದು. ಮೂರರಲ್ಲಿ ಒಂದು ಊಹೆ ಸುಳ್ಳಾದರೆ ಮೊದಲ ಎರಡು ನಿಮಿಷದ ವಿರಾಮದಲ್ಲಿಯೇ ಅದನ್ನು ಕೈಬಿಟ್ಟು, ಉಳಿದೆರಡನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಧ್ಯಂತರದಲ್ಲಿ ಹೊಸ ತಂತ್ರ ಹೇಳಿಕೊಡುವ ಆಸೆ ಎಲ್ಲರಿಗೂ ಬರುತ್ತದೆ, ಅಭ್ಯಾಸ ಮಾಡದ ತಂತ್ರ ಅಲ್ಲಿ ನಿಲ್ಲುವುದಿಲ್ಲ.

ಪಂದ್ಯ ಮುಗಿದ ಮೇಲೆ ಟಿಪ್ಪಣಿಗಳನ್ನು ಬಿಸಾಡದೆ ಫೈಲಿನಲ್ಲಿಡಿ, ಪ್ರತಿ ಆಟಗಾರನ ನಂಬರಿನ ಮುಂದೆ ಅವನು ಯಾವ ವರ್ಷದ ವಿದ್ಯಾರ್ಥಿ ಎಂದು ತಿಳಿದಿದ್ದರೆ ಬರೆಯಿರಿ. ಪದವಿ ಕಾಲೇಜಿನ ತಂಡ ಮೂರು ವರ್ಷಗಳಲ್ಲಿ ಬಹುಪಾಲು ಬದಲಾಗಿಬಿಡುತ್ತದೆ, ಹಾಗಾಗಿ ಆಟಗಾರರ ಕುರಿತ ಸಾಲುಗಳು ಬೇಗ ಹಳತಾಗುತ್ತವೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಪಂದ್ಯಾವಳಿಯಲ್ಲಿ ವರ್ಷವರ್ಷವೂ ಎದುರಾಗುವ ತಂಡಗಳ ತರಬೇತುದಾರರು ಮಾತ್ರ ಹೆಚ್ಚಾಗಿ ಅವರೇ ಇರುತ್ತಾರೆ. ಅವರು ಮುನ್ನಡೆಯಲ್ಲಿದ್ದಾಗ ಆಟವನ್ನು ನಿಧಾನಗೊಳಿಸುತ್ತಾರೆಯೇ, ಹಿನ್ನಡೆಯಾದಾಗ ಯಾವ ಜೋನ್‌ಗೆ ಮರಳುತ್ತಾರೆ, ಕೊನೆಯ ಎರಡು ನಿಮಿಷಕ್ಕೆ ಟೈಮ್‌ಔಟ್ ಉಳಿಸಿಕೊಳ್ಳುತ್ತಾರೆಯೇ ಎಂಬ ಪುಟವನ್ನು ಫೈಲಿನ ಮೊದಲಿಗೆ ಇಟ್ಟು, ಪ್ರತಿ ವರ್ಷ ಅದರ ಕೆಳಗೆ ದಿನಾಂಕ ಹಾಕಿ ಹೊಸ ಸಾಲು ಸೇರಿಸುತ್ತ ಹೋಗಿ.